ಪಡಸಾಲೆಯಲ್ಲಿ ಬಿಚ್ಚಿದ ಗಾಡಿ

2023ರ ದಸರಾ ರಜೆಯ ಅಷ್ಟೂ ದಿನ ಚೋರನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶೇಂಗಾ ಒಣಗಿಸುವ ಹಳೆಯ ತಾಡಪತ್ರಿಯನ್ನು ಹಾಸಿ, ಅದರ ಮೇಲೆ ನನ್ನ ಮಗ ತನ್ನ ತಾತನ ಮೋಟಾರ್ ಸೈಕಲ್ಲನ್ನು ಬಿಚ್ಚಿ ಹರವಿದ್ದ. ಬನ್ನಿ ಕೊಡಲು ಬಂದವರು ಒಂದು ಚಕ್ರ ದಾಟಿ, ಎರಡು ಸೈಲೆನ್ಸರ್ ದಾಟಿ, ನಟ್ಟು ಬೋಲ್ಟು ತುಂಬಿದ ನನ್ನ ಸ್ಟೀಲ್ ಬೋಗುಣಿಗಳನ್ನು ದಾಟಿ ಒಳಗೆ ಬರಬೇಕಾಗಿತ್ತು. "ಟೀಚರಮ್ಮ, ಗುಜರಿ ಅಂಗಡಿ ಯಾವಾಗ ಇಟ್ರಿ?" ಎಂದು ಎದುರು ಮನೆಯವರು ಕೇಳಿದರು. ಆಯುಧಪೂಜೆಯ ದಿನವಂತೂ ದೊಡ್ಡ ಪೇಚಾಟ. ಗಾಡಿಗೆ ಪೂಜೆ ಮಾಡಬೇಕು, ಆದರೆ ಗಾಡಿ ಎಲ್ಲಿದೆ? ಚಕ್ರ ಗಾಡಿಯೋ, ಎಂಜಿನ್ ಗಾಡಿಯೋ? ಕೊನೆಗೆ ಚಾಸಿಯ ಮೇಲೆ ಕೊರೆದ ನಂಬರಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಹೆಚ್ಚಿದೆ. ಸರ್ಕಾರದ ಲೆಕ್ಕದಲ್ಲಿ ಗಾಡಿಯೆಂದರೆ ಆ ನಂಬರೇ ತಾನೆ.

ನಮ್ಮ ಅಪ್ಪ ಪಶುವೈದ್ಯ ಇಲಾಖೆಯಲ್ಲಿ ಸ್ಟಾಕ್‌ಮನ್ ಆಗಿದ್ದರು. ಊರವರ ಬಾಯಲ್ಲಿ ದನದ ಡಾಕ್ಟ್ರು. ಬಂಡ್ರಿ, ಯಶವಂತನಗರ, ಇತ್ತ ಕೂಡ್ಲಿಗಿಯ ಗಡಿಯ ಹಳ್ಳಿಗಳವರೆಗೆ ತಿರುಗಾಟ. 1979ರಲ್ಲಿ, ನಾನು ಎಂಟು ವರ್ಷದವಳಿದ್ದಾಗ, ಹೊಸಪೇಟೆಯಿಂದ ಯಾರೋ ಬಳಸಿ ಬಿಟ್ಟಿದ್ದ ಈ ಗಾಡಿಯನ್ನು ಕೊಂಡು ತಂದರು. ಅದಕ್ಕೆ ಮುಂಚೆ ಅವರದು ಸೈಕಲ್ಲು. ಚಪ್ಪೆ ಬೇನೆ, ಗಂಟಲು ಬೇನೆಗಳ ಲಸಿಕೆಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಒಯ್ಯಬೇಕು. ಸೈಕಲ್ಲು ಊರು ಮುಟ್ಟುವಷ್ಟರಲ್ಲಿ ಮಂಜು ನೀರಾಗಿರುತ್ತಿತ್ತು. ಗಾಡಿ ಬಂದ ಮೇಲೆ ರಜೆಯ ದಿನಗಳಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಆ ಡಬ್ಬಿಯನ್ನು ಅವಚಿ ಹಿಡಿಯುವ ಕೆಲಸ ನನ್ನದಾಯಿತು. ಅಪ್ಪ 2009ರಲ್ಲಿ ತೀರಿಕೊಂಡರು. ಅಂದಿನಿಂದ ಗಾಡಿ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ, ದನಗಳೆಲ್ಲ ಹೋದ ಮೇಲೂ, ಒಂಟಿಯಾಗಿ ನಿಂತಿತ್ತು.

ಮಗನಿಗೆ ತೋರಣಗಲ್ಲಿನಲ್ಲಿ ಕೆಲಸ. ಮೊದಲು ಅವನು ಕಣ್ಣಿಟ್ಟದ್ದು ಈಗ ಬಂದಿರುವ ಹಳೆಯ ನಮೂನೆಯ ಹೊಸ ಗಾಡಿಗಳ ಮೇಲೆ. ಬೆಲೆ ಕೇಳಿ ಬಂದವನು ನೇರವಾಗಿ ಕೊಟ್ಟಿಗೆಗೆ ಹೋಗಿ ತಾತನ ಗಾಡಿಯ ಧೂಳು ಒರೆಸಿದ. ನನಗೆ ಸಂತೋಷವಾಯಿತು. ಆದರೆ ಅವನ ಮನಸ್ಸಿನಲ್ಲಿದ್ದ ಚಿತ್ರ ಬೇರೆ. ಹಿಂದಿನ ಮಡ್‌ಗಾರ್ಡ್ ತೆಗೆಯುವುದು, ಚಾಸಿಯ ಬಾಲವನ್ನು ಗೇಣುದ್ದ ಕತ್ತರಿಸುವುದು, ಒಬ್ಬರೇ ಕೂರುವ ಚಪ್ಪಟೆ ಸೀಟು, ಕೆಳಗೆ ಬಾಗಿದ ಹ್ಯಾಂಡಲ್ಲು. ನಾನು ಸಮಾಜ ವಿಜ್ಞಾನದ ಮಾಸ್ತರಿಣಿ. ಹಂಪಿಯ ಕಲ್ಲಿನ ಮೇಲೆ ಹೆಸರು ಗೀಚುವ ಹುಡುಗರ ಕಿವಿ ಹಿಂಡಿದವಳು. ಇದ್ದದ್ದನ್ನು ಇದ್ದ ಹಾಗೆ ಉಳಿಸಬೇಕೆಂದು ಮೂವತ್ತು ವರ್ಷ ಪಾಠ ಹೇಳಿ, ನನ್ನ ಮನೆಯಲ್ಲೇ ಅಪ್ಪನ ಗಾಡಿಗೆ ಗರಗಸ ಹಾಕಿಸಲೇ? ಗಾಡಿಯ ಆರ್.ಸಿ. ಪುಸ್ತಕವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಅವನು ನನ್ನದೇ ಚಾಕ್‌ಪೀಸು ತೆಗೆದುಕೊಂಡು ಹೋಗಿ ಚಾಸಿಯ ಮೇಲೆ ಕತ್ತರಿಸುವ ಜಾಗಕ್ಕೆ ಬಿಳಿ ಗೀಟು ಎಳೆದ. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ.

ಈ ಗಾಡಿಯ ಹುಟ್ಟು ನಮ್ಮ ನಾಡಿನದೇ ಎಂಬುದನ್ನು ಇಂದಿನ ಹುಡುಗರು ಅಷ್ಟಾಗಿ ಅರಿಯರು. ಮೂಲ ಮಾತ್ರ ದೂರದ್ದು. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಚೆಕ್ ದೇಶದವನು ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರ ಮಾಡುತ್ತಿದ್ದ. ಯುದ್ಧ ನಿಂತು ಆ ವ್ಯಾಪಾರ ಇಳಿದಾಗ, 1929ರಲ್ಲಿ, ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ಮಾಡುವ ಹಕ್ಕನ್ನು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಕೂಡಿಸಿದ, ಜಾವಾ ಆಯಿತು. ನಾವು ಚಿಕ್ಕವರಿದ್ದಾಗ ಇದು ಜಾವಾ ದ್ವೀಪದಿಂದ ಬಂದದ್ದೆಂದೇ ನಂಬಿದ್ದೆವು, ನಮ್ಮ ಭೂಗೋಳದ ಮಾಸ್ತರರೂ ಸೇರಿ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ದೇಶವನ್ನು ಹಿಡಿದುಕೊಂಡಿದ್ದಾಗ ಆ ಕಾರ್ಖಾನೆಯ ಎಂಜಿನಿಯರುಗಳು ಅವರ ಕಣ್ಣು ತಪ್ಪಿಸಿ ಹೊಸ ಮಾದರಿಯೊಂದನ್ನು ಸಿದ್ಧಮಾಡಿದರು. ಯುದ್ಧ ಮುಗಿದೊಡನೆ, 1946ರಲ್ಲಿ, ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದನ್ನು ಜಗತ್ತಿಗೆ ತೋರಿಸಿದರು. ನಮ್ಮ ದೇಶದ ರಸ್ತೆಗಳಲ್ಲಿ ಓಡಿದ ಜಾವಾಗಳು ಆ ವಂಶದವೇ.

ಸ್ವಾತಂತ್ರ್ಯ ಬಂದ ಮೇಲೆ ಹೊರದೇಶದ ಗಾಡಿಗಳ ಆಮದಿಗೆ ಕಡಿವಾಣ ಬಿತ್ತು. ಮದರಾಸಿನಲ್ಲಿ 1955ರಿಂದ ಬುಲೆಟ್ ತಯಾರಾಗತೊಡಗಿತು. ಜಾವಾ ತರಿಸಿ ಮಾರುತ್ತಿದ್ದ ಇರಾನಿ ಕುಟುಂಬದವರು ಇಲ್ಲೇ ತಯಾರಿಸುವ ಪರವಾನಗಿ ಪಡೆದು ಮೈಸೂರಿಗೆ ಬಂದರು. ರುಸ್ತುಂ ಇರಾನಿ, ಫಾರೂಕ್ ಇರಾನಿ ಅವರು ಕಟ್ಟಿದ ಕಂಪನಿಯ ಹೆಸರು ಐಡಿಯಲ್ ಜಾವಾ. ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದಕ್ಕೆ ಬೆಂಬಲವಾಗಿ ನಿಂತರು. 1961ರಿಂದ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದವು. 1973ರಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿನ ಯಜ್ದ್ ಪಟ್ಟಣದ ನೆನಪಿನ ಹೆಸರು ಅದು. ಪಾರ್ಸಿ ಧರ್ಮದವರ ಹಳೆಯ ನೆಲೆ. ಹೀಗೆ ಚೆಕ್ ಎಂಜಿನ್, ಇರಾನಿನ ಊರಿನ ಹೆಸರು, ಮೈಸೂರಿನ ಕೆಲಸಗಾರರ ಕೈ. ಓಡಿದ್ದು ಸಂಡೂರಿನ ಕೆಮ್ಮಣ್ಣಿನಲ್ಲಿ.

ಆ ಕಾರ್ಖಾನೆಯನ್ನು ನಾನು ಹೊರಗಿನಿಂದ ನೋಡಿದ್ದೇನೆ. 1993ರಲ್ಲಿ ಬಿ.ಎಡ್. ಓದಲು ಮೈಸೂರಿಗೆ ಹೋಗಿದ್ದೆ. ಸಂಜೆ ಪಾಳಿ ಬಿಟ್ಟಾಗ ಗೇಟಿನಿಂದ ನೂರಾರು ಮಂದಿ ಹೊರಬರುತ್ತಿದ್ದರು, ಹೆಚ್ಚಿನವರು ಸೈಕಲ್ಲಿನ ಮೇಲೆ. ಮೋಟಾರ್ ಸೈಕಲ್ ಮಾಡುವವರು ಸೈಕಲ್ ತುಳಿಯುವುದು ಕಂಡು ನನಗೆ ಏನೋ ಆಗಿತ್ತು. ಅಪ್ಪ ಪತ್ರ ಬರೆದು ಪಿಸ್ಟನ್ ರಿಂಗು, ಗ್ಯಾಸ್ಕೆಟ್ ಸೆಟ್ಟು ತರಲು ಹೇಳಿದ್ದರು. ಅಂಗಡಿಯವನು ಒಬ್ಬ ಹೆಣ್ಣುಮಗಳು ಚೀಟಿ ಹಿಡಿದು ಬಂದದ್ದನ್ನು ಕಂಡು ಎರಡು ಸಲ ಓದಿದ. ನನ್ನ ಮನೋವಿಜ್ಞಾನದ ಟಿಪ್ಪಣಿಗಳ ನಡುವೆ ಆ ಗ್ಯಾಸ್ಕೆಟ್ಟು ಮಡಿಕೆ ಬೀಳದಂತೆ ಇಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಊರಿಗೆ ತಂದೆ. ಮೂರೇ ವರ್ಷಕ್ಕೆ, 1996ರಲ್ಲಿ, ಕಾರ್ಖಾನೆ ನಿಂತೇಹೋಯಿತು. 1980ರ ದಶಕದ ನಡುವಿನಲ್ಲೇ ಜಪಾನಿನ ಕಂಪನಿಗಳ ಜೊತೆಗೂಡಿ ತಯಾರಿಸಿದ 100 ಸಿ.ಸಿ. ಗಾಡಿಗಳು ಬಂದಿದ್ದವು. ಅವು ಕುಡಿಯುವ ಪೆಟ್ರೋಲು ಕಡಿಮೆ, ಉಗುಳುವ ಹೊಗೆಯೂ ಕಡಿಮೆ. ಹೊಗೆಯ ಕಾನೂನು ಬಿಗಿಯಾಯಿತು, ಕಾರ್ಮಿಕರ ತಗಾದೆಯೂ ಇತ್ತು. ಆ ಸೈಕಲ್ಲಿನವರು ಎಲ್ಲಿಗೆ ಹೋದರೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂದವು. ಗಾಡಿ ತಯಾರಾಗುವುದು ಮಾತ್ರ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ.

ಮೂರನೆಯ ದಿನ ಮಾತು ಮುರಿದವಳು ನಾನೇ. ಕಾರಣ ಸೈಲೆನ್ಸರ್. ಇರುವುದು ಒಂದೇ ಸಿಲಿಂಡರ್, ಸೈಲೆನ್ಸರ್ ಮಾತ್ರ ಎರಡು. ಈ ಗಾಡಿಯ ಗತ್ತೇ ಅದು. ಪೆಟ್ರೋಲಿನಲ್ಲಿ ಆಯಿಲ್ ಬೆರೆಸಿ ಓಡಿಸುವ ಎಂಜಿನ್ ಆದ್ದರಿಂದ ಒಳಗಿನ ಕೊಳವೆಗೆ ಕಪ್ಪು ಕಿಟ್ಟ ಕಟ್ಟುತ್ತದೆ. ಮಗ ಅದನ್ನು ಸ್ಕ್ರೂಡ್ರೈವರಿನಿಂದ ಕೆರೆಯುತ್ತ ಕೂತಿದ್ದ. "ಹಂಗಲ್ಲಪ್ಪ, ಸುಡಬೇಕು" ಎಂದೆ. ಅಪ್ಪ ವರ್ಷಕ್ಕೊಮ್ಮೆ ಹಿತ್ತಲಿನಲ್ಲಿ ಕುಳ್ಳಿನ ಬೆಂಕಿ ಮಾಡಿ ಆ ಕೊಳವೆಗಳನ್ನು ಅದರಲ್ಲಿ ಹೂಳುತ್ತಿದ್ದರು. ಕಿಟ್ಟವೆಲ್ಲ ಸುಟ್ಟು ಬೂದಿಯಾಗಿ ತಟ್ಟಿದರೆ ಉದುರುತ್ತಿತ್ತು. ಅವನು ನನ್ನನ್ನು ಹೊಸದಾಗಿ ನೋಡಿದವನಂತೆ ನೋಡಿದ. ಆಮೇಲೆ ಕೇಳುತ್ತ ಹೋದ, ನಾನು ಹೇಳುತ್ತ ಹೋದೆ. ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ ಆಗುತ್ತದೆ. ಕ್ಲಚ್ಚು ಹಿಡಿಯದೆಯೂ ಗೇರು ಬದಲಿಸಬಹುದು, ತುಳಿತಕ್ಕೆ ಅದು ತಾನೇ ಬಿಡುತ್ತದೆ. ಇವೆಲ್ಲ ನನಗೆ ಗೊತ್ತಿರುವುದು ನನಗೇ ಗೊತ್ತಿರಲಿಲ್ಲ. ಓಡಿಸಿದ್ದು ಮಾತ್ರ ಒಂದು ದಿನವೂ ಇಲ್ಲ. ಅಪ್ಪ ಕಲಿಸಿದ್ದು ನನ್ನ ತಮ್ಮನಿಗೆ.

ಬಿಚ್ಚುತ್ತ ಹೋದಂತೆ ಒಂದೊಂದೇ ಹೊರಬಿತ್ತು. ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಬಿಲ್ಲೆ. ಜಿಡ್ಡು ತೊಳೆದಾಗ ಎಂಜಿನ್ ಕವಚದ ಮೇಲೆ ಕಂಡ ಉಬ್ಬಕ್ಷರ ಜಾವಾ. ಟ್ರಂಕಿನ ಬೀಗ ತೆಗೆದು ಆರ್.ಸಿ. ನೋಡಿದೆ. ಜಾವಾ, 1972. ಅಂದರೆ ಟ್ಯಾಂಕು ಬೇರೆ ಗಾಡಿಯದು! ಆಗ ನೆನಪಾಯಿತು. 1984ರ ಮಳೆಗಾಲ, ಬಂಡ್ರಿಯಿಂದ ಬರುವಾಗ ಹಳ್ಳ ದಾಟುವಲ್ಲಿ ಗಾಡಿ ಜಾರಿ ಬಿದ್ದೆವು. ನಾನು ಡಬ್ಬಿ ಬಿಡಲಿಲ್ಲ, ಮೊಣಕೈ ಮುರಿಯಿತು. ಅಪ್ಪ ಮೊದಲು ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಔಷಧ ಉಳೀತು" ಅಂದರು. ಆ ಮಾತು ನನ್ನ ಎದೆಯಲ್ಲಿ ಬಹಳ ವರ್ಷ ಮುಳ್ಳಾಗಿ ಉಳಿಯಿತು. ಅಂದಿನಿಂದ ನನ್ನನ್ನು ಗಾಡಿಯಲ್ಲಿ ಕರೆದೊಯ್ಯುವುದನ್ನೇ ಬಿಟ್ಟರು. ದೊಡ್ಡವಳಾದಳು, ಹೆಣ್ಣುಮಗಳು ಎಂದಿರಬೇಕು ಅಂದುಕೊಂಡಿದ್ದೆ.

ಕೊನೆಗೆ ಸೀಟು, ಮಡ್‌ಗಾರ್ಡು ತೆಗೆದ ಮೇಲೆ ಮಗ ಕೂಗಿದ. ಚಾಸಿಯ ಬಾಲದಲ್ಲಿ ಅವನೆಳೆದ ಚಾಕ್ ಗೀಟಿಗೆ ಎರಡು ಬೆರಳು ಆಚೆ, ಬಣ್ಣದ ಕೆಳಗೆ ಹಳೆಯ ವೆಲ್ಡಿಂಗ್ ಗಂಟು. ಯಾರೋ ಮೊದಲೇ ಕತ್ತರಿಸಿ, ಉದ್ದ ಮಾಡಿ ಬೆಸೆದಿದ್ದರು. ಅದಕ್ಕೆ ಬಂಡಿಯ ಗಾಲಿಯ ಕಬ್ಬಿಣದ ಪಟ್ಟೆಯಿಂದ ಬಡಿದು ಮಾಡಿದ ಚೌಕಟ್ಟೊಂದು ಹತ್ತಿಕೊಂಡಿತ್ತು. ಬಾಲ್ಯದಲ್ಲಿ ದಿನವೂ ಕಂಡಿದ್ದ ಚೌಕಟ್ಟು, ಮಂಜಿನ ಡಬ್ಬಿ ಕೂರಿಸುವ ಜಾಗ. ಅದು ಗಾಡಿಯ ಜೊತೆಗೇ ಬಂದದ್ದೆಂದು ತಿಳಿದಿದ್ದೆ. ನಾನು ಯಾವುದನ್ನು ಮೂಲವೆಂದು ಕಾಯುತ್ತಿದ್ದೆನೋ ಅದು ಅಪ್ಪನೇ ಗರಗಸ ಹಾಕಿದ ಗಾಡಿ. ಮಗ ಒಂದು ಮಾತೂ ಆಡಲಿಲ್ಲ. ಗೆದ್ದವರು ಸುಮ್ಮನಿರುವುದು ಹೆಚ್ಚು ಸಿಟ್ಟು ತರಿಸುತ್ತದೆ.

ಗಾಡಿಯನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳುವುದೇನೂ ಹೊಸ ಹುಚ್ಚಲ್ಲ. ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು ಭಾರ ಇಳಿಸಲು ಮಡ್‌ಗಾರ್ಡು ಕತ್ತರಿಸಿದರು. 1950–60ರ ದಶಕಗಳಲ್ಲಿ ಲಂಡನ್ನಿನ ಹುಡುಗರು ಚಹಾದಂಗಡಿಯಿಂದ ಚಹಾದಂಗಡಿಗೆ ಪಂದ್ಯ ಕಟ್ಟಲು ಹ್ಯಾಂಡಲ್ಲು ಬಗ್ಗಿಸಿದರು; ನನ್ನ ಮಗನ ಚಿತ್ರ ಅಲ್ಲಿಯದು. ನನಗೆ ಇಷ್ಟವಾದವನು ನ್ಯೂಜಿಲೆಂಡಿನ ಬರ್ಟ್ ಮನ್ರೋ. 1920ರಲ್ಲಿ ಕೊಂಡ ಒಂದೇ ಗಾಡಿಯನ್ನು ಮನೆಯ ಶೆಡ್ಡಿನಲ್ಲಿ ದಶಕಗಟ್ಟಲೆ ಬಿಚ್ಚಿ ಜೋಡಿಸಿದ, ಹಳೆಯ ಡಬ್ಬಿಗಳಲ್ಲಿ ತಾನೇ ಪಿಸ್ಟನ್ ಎರಕ ಹೊಯ್ದ. 1967ರಲ್ಲಿ, 68ನೆಯ ವಯಸ್ಸಿನಲ್ಲಿ, ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 184 ಮೈಲಿ ವೇಗದ ದಾಖಲೆ ಮಾಡಿದ. ಅವನ ಗಾಡಿಯಲ್ಲಿ ಮೂಲದ್ದೆಷ್ಟು ಎಂದು ಯಾರು ಕೇಳಿಯಾರು!

ಕಾನೂನು ಕೇಳುತ್ತದೆ, ನಿಜ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ತಯಾರಕರು ಕೊಟ್ಟ ರೂಪಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2021ರ ನಿಯಮದ ಪ್ರಕಾರ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳನ್ನು ಪಾರಂಪರಿಕ ವಾಹನವೆಂದು ಬೇರೆಯಾಗಿ ನೋಂದಾಯಿಸಬಹುದು. ವರ್ಷದ ಲೆಕ್ಕದಲ್ಲಿ ನಮ್ಮದು ಪಾಸು, ರೂಪದ ಲೆಕ್ಕದಲ್ಲಿ ಫೇಲು. ಅಲ್ಲದೆ ಅಂಥ ಗಾಡಿಯನ್ನು ಪ್ರದರ್ಶನ, ರ್‍ಯಾಲಿಗಳಿಗೆ ಬಿಟ್ಟರೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ದೇವರ ಕೋಣೆಯಲ್ಲಿಡಲು ನಮಗೆ ಗಾಡಿ ಬೇಕಿರಲಿಲ್ಲ.

ಅದಕ್ಕಿಂತ ಮುಂಚೆ ಬೇರೊಂದು ತೊಡಕಿತ್ತು. ಗಾಡಿ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ವಾರಸುದಾರರ ಹೆಸರಿಗೆ ಬದಲಾಯಿಸಲು ತಮ್ಮನ ಒಪ್ಪಿಗೆ ಬೇಕು. ಈಗ ಈ ಗಾಡಿಗಳಿಗೆ ಲಕ್ಷದ ಮಾತಾಡುವ ಶೋಕಿಯವರಿದ್ದಾರೆ. ದಾವಣಗೆರೆಯಲ್ಲಿರುವ ತಮ್ಮ, ಮಾರಿ ಹಂಚಿಕೊಳ್ಳೋಣ ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದ. ದೀಪಾವಳಿಗೆ ಬಂದವನನ್ನು ಪಡಸಾಲೆಗೆ ಕರೆದು ಆ ಬೆಸುಗೆ ತೋರಿಸಿದೆ. ಮಂಡಿಯೂರಿ ಕೂತು ಬೆರಳಾಡಿಸಿದ.

"ಅಕ್ಕಾ, ಇದನ್ನ ಮಾಡಿಸ್ಬೇಕಾದ್ರೆ ಸಂಡೂರಾಗ ಈ ತುದಿ ಹಿಡ್ಕಂಡಿದ್ದವ್ನು ನಾನೇ. ನಿನ್ ಕೈಗೆ ಪಟ್ಟಿ ಹಾಕಿದ್ರಲ್ಲ, ಆ ತಿಂಗಳು. ಡಬ್ಬಿ ಇನ್ನು ಹುಡುಗಿ ಕೈಯಾಗ ಕೊಡೋದಲ್ಲ, ಗಾಡೀನ ಹೊತ್ಗಳ್ಳಿ ಅಂದ್ರು ಅಪ್ಪ."

"ನನಗ್ಯಾಕೆ ಹೇಳಲಿಲ್ಲ ನೀನು?"

"ನಿನಗೆ ಗೊತ್ತೈತಿ ಅಂದ್ಕಂಡಿದ್ದೆ."

ನಾನು ಅಡುಗೆಮನೆಗೆ ಹೋಗಿ ಚಹಾ ಇಟ್ಟೆ. ನೀರು ಕುದಿದು ಅರ್ಧವಾದರೂ ಸೊಪ್ಪು ಹಾಕಲು ನೆನಪಾಗಲಿಲ್ಲ. ಹೊರಗೆ ಬಂದಾಗ ತಮ್ಮ ಅರ್ಜಿಗೆ ಸಹಿ ಹಾಕಿದ್ದ. ಮಾರುವ ಮಾತು ಆಮೇಲೆ ಬರಲಿಲ್ಲ.

ಮಗ ಚಾಕಿನ ಗೀಟನ್ನು ತಾನೇ ಒರೆಸಿದ. ಸಿಲಿಂಡರನ್ನು ಹೊಸಪೇಟೆಗೆ ಒಯ್ದು ಬೋರ್ ಮಾಡಿಸಿದ. ಉಳಿದದ್ದೆಲ್ಲ ತಾಡಪತ್ರಿಯ ಮೇಲೆ ನಾವಿಬ್ಬರೇ ಜೋಡಿಸಿದ್ದು. ಕೊನೆಗೆ ಬೋಗುಣಿಯಲ್ಲಿ ಎರಡು ವಾಷರು ಮಿಕ್ಕವು, ಎಲ್ಲಿಯವೆಂದು ಇನ್ನೂ ತಿಳಿದಿಲ್ಲ. ಸಂಕ್ರಾಂತಿಯ ಮುಂಚಿನ ಭಾನುವಾರ ಹನ್ನೊಂದನೆಯ ಕಿಕ್ಕಿಗೆ ಎಂಜಿನ್ ಹತ್ತಿಕೊಂಡಿತು. ಓಣಿಯ ಕೋಳಿಗಳೆಲ್ಲ ಚದುರಿದವು, ಹೊಗೆಯಲ್ಲಿ ಎದುರು ಮನೆ ಕಾಣಿಸಲಿಲ್ಲ. ಟ್ಯಾಂಕಿಗೆ ಇನ್ನೂ ಬೂದು ಪ್ರೈಮರ್ ಮಾತ್ರ ಇದೆ; ಕೆರೆದಾಗ ಕಪ್ಪಿನ ಕೆಳಗೆ ನೀಲಿ, ನೀಲಿಯ ಕೆಳಗೆ ಮರೂನು ಸಿಕ್ಕಿದ್ದರಿಂದ ಯಾವುದು ಹಚ್ಚಬೇಕೆಂಬ ವಾದ ನಡೆದಿದೆ. ಪಟ್ಟೆಯ ಚೌಕಟ್ಟಿನಲ್ಲಿ ಈಗ ಅವನ ಬುತ್ತಿಯ ಡಬ್ಬಿ ಕೂರುತ್ತದೆ. ಲೀಟರಿಗೆ 40 ಮಿಲಿ ಆಯಿಲ್ ಅಳೆಯುವ ಲೋಟ ಮಾತ್ರ ನನ್ನ ಬಳಿಯೇ ಇರುತ್ತದೆ. ಅವನು ಕಣ್ಣಂದಾಜಿನಲ್ಲಿ ಸುರಿಯುತ್ತಾನೆ.