ಸೈಟ್ ಪ್ರಯೋಗದ ಹಿಮ್ಮೇಳ

ಬಾಹ್ಯಾಕಾಶ ತಂತ್ರಜ್ಞಾನವನ್ನು ಗ್ರಾಮೀಣ ಮಕ್ಕಳ ಕಲಿಕೆಗೆ ತಂದ ಪ್ರಯತ್ನಗಳಲ್ಲಿ ‘ಸೈಟ್’ ಎಂದು ಹೆಸರಾದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗಕ್ಕೆ ವಿಶಿಷ್ಟ ಸ್ಥಾನವಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಉದ್ದೇಶಿತವಾಗಿದ್ದವು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳು ಆಯ್ಕೆಯಾಗಿದ್ದವು. ಬೆಳಗಿನ ಪ್ರಸಾರದಲ್ಲಿ ಕನ್ನಡಕ್ಕೆ ದೊರೆತದ್ದು ಇಪ್ಪತ್ತೆರಡೂವರೆ ನಿಮಿಷ. ಅದು ಶಾಲಾ ಮಕ್ಕಳ ಪಾಲು.

ಪ್ರಯೋಗದ ಮುಂಚೂಣಿಯಲ್ಲಿದ್ದವರಿಗೆ ಸಂದ ಗೌರವಗಳು ದಾಖಲಾಗಿವೆ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಅಂದಿನ ನಿರ್ದೇಶಕ ಯಶಪಾಲ್ ಅವರಿಗೆ 1976ರಲ್ಲಿಯೂ ಕಾರ್ಯಕ್ರಮ ವ್ಯವಸ್ಥಾಪಕ ಏಕನಾಥ ಚಿಟ್ನಿಸ್ ಅವರಿಗೆ 1985ರಲ್ಲಿಯೂ ಪದ್ಮಭೂಷಣ ಲಭಿಸಿತು. ಅದು ಯುಕ್ತವೇ.

ಆದರೆ ದೊಡ್ಡಾಟ, ಸಣ್ಣಾಟಗಳ ಈ ಸೀಮೆಯಲ್ಲಿ ಹಿಮ್ಮೇಳವಿಲ್ಲದೆ ಆಟ ಕಟ್ಟುವುದಿಲ್ಲ. ದೂರದರ್ಶನದ ಪೆಟ್ಟಿಗೆಗೆ ಬಾಯಿಯಿತ್ತು, ಕಿವಿಯಿರಲಿಲ್ಲ. ಮಗುವಿನ ಪ್ರಶ್ನೆಯನ್ನು ಕೇಳಿಸಿಕೊಂಡು, ತೆರೆಯ ಮೇಲಿನ ಪಾಠವನ್ನು ಊರಿನ ಆಡುಮಾತಿಗೆ ತಂದು ವಿವರಿಸಬೇಕಾಗಿದ್ದವರು ಪ್ರಾಥಮಿಕ ಶಾಲಾ ಶಿಕ್ಷಕರು. ಇದೇ ಪ್ರಯೋಗದ ಅಂಗವಾಗಿ ಸುಮಾರು 50 ಸಾವಿರ ಶಿಕ್ಷಕರು ವಿಜ್ಞಾನ ಬೋಧನೆಯ ತರಬೇತಿ ಪಡೆದರು. ಚರಿತ್ರೆಯಲ್ಲಿ ಅವರು ಬಹುಮಟ್ಟಿಗೆ ಈ ಸಂಖ್ಯೆಯಾಗಿಯೇ ಉಳಿದಿದ್ದಾರೆ. ಸಂಜೆಯ ಸಾಮೂಹಿಕ ವೀಕ್ಷಣೆಗಾಗಿ ಪೆಟ್ಟಿಗೆಯನ್ನು ನೋಡಿಕೊಂಡ ಪಾಲಕರ ಸ್ಥಿತಿಯೂ ಭಿನ್ನವಲ್ಲ. ಪದಕಗಳ ಪಟ್ಟಿಗೆ ಇವರನ್ನು ಸೇರಿಸಲಾಗದು. ಹೆಸರು ಹಿಡಿದು ಸ್ಮರಿಸುವುದಂತೂ ಸಾಧ್ಯ. ಅಂದು ಮೂವತ್ತರ ಹರೆಯದಲ್ಲಿದ್ದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಆದುದರಿಂದ ಮೌಖಿಕ ಇತಿಹಾಸದ ಸಂಗ್ರಹವು ಈ ಮೂರು ಜಿಲ್ಲೆಗಳ ಹಳ್ಳಿಗಳಿಂದ, ಶಾಲೆಗಳ ಹಳೆಯ ಹಾಜರಿ ಪುಸ್ತಕಗಳನ್ನು ಮುಂದಿಟ್ಟುಕೊಂಡು, ತಡವಿಲ್ಲದೆ ಆರಂಭವಾಗಬೇಕಾಗಿದೆ.