ಎರಡು ಕಂಪನಿಗಳ ಜಗಳ, ಬಡವಾಗುವ ಕೂಸು

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ನ್ಯಾಯಾಲಯದ ಕಟ್ಟೆಯ ಮೇಲೆ ಈ ಗಾದೆಗೆ ಇನ್ನೊಂದು ಅರ್ಥವುಂಟು. ಬಸ್ಸು ಲಾರಿಗೆ ಡಿಕ್ಕಿಯಾಗುತ್ತದೆ. ಒಂದು ಮನೆಯ ಯಜಮಾನ ಸಾಯುತ್ತಾನೆ. ಪರಿಹಾರ ಕೊಡಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕೊಡಬೇಕಾದವರು ನಾವಲ್ಲ, ಅವರು ಎಂದು ಒಂದು ವಿಮಾ ಕಂಪನಿ ಇನ್ನೊಂದರತ್ತ ಬೆರಳು ತೋರಿಸುತ್ತದೆ, ಅಷ್ಟೆ. ಆ ಬೆರಳು ಕೆಳಗಿಳಿಯುವಷ್ಟರಲ್ಲಿ ಅಪಘಾತದ ದಿನ ಶಾಲೆಗೆ ಸೇರಿದ ಮಗು ಹೈಸ್ಕೂಲಿಗೆ ಬಂದಿರಬಹುದು. ಈ ಜಗಳದ ಚರಿತ್ರೆಯನ್ನು ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ನಿಂತು ನೋಡೋಣವೆಂದು ಈ ಲೇಖನ.

ನಮ್ಮ ಸೀಮೆಯಲ್ಲಿಯೇ ಏಕೆ? ಇದು ಗಡಿಯ ಸೀಮೆ. ಇಂದಿನ ತರುಣರಿಗೆ ಆಶ್ಚರ್ಯವಾಗಬಹುದು, ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಆಗ ಅದರದೇ ಒಂದು ಭಾಗ. ಪ್ರತ್ಯೇಕ ತಾಲ್ಲೂಕಾಗಿ ಘೋಷಣೆಯಾದದ್ದು 2017ರಲ್ಲಿ. ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ದೂರದ ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರು, ಮೈಸೂರು ಸಂಸ್ಥಾನದ್ದು. ಹೀಗಾಗಿ ಒಂದೇ ಬಸ್ಸು ಒಂದೇ ಬೆಳಗಿನಲ್ಲಿ ಎರಡು ಆಡಳಿತಗಳ ರಸ್ತೆಯ ಮೇಲೆ ಓಡುತ್ತಿತ್ತು.

ವಾಹನಕ್ಕೆ ವಿಮೆ ಕಡ್ಡಾಯವೆಂಬ ವಿಚಾರ ನಮಗೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 1930ರ ಶಾಸನವು ದಾರಿಹೋಕರಿಗೆ ಆಗುವ ಹಾನಿಗಾಗಿ ಪ್ರತಿಯೊಬ್ಬ ವಾಹನ ಮಾಲೀಕನೂ ವಿಮೆ ಮಾಡಿಸಬೇಕೆಂದು ವಿಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ 1939ರ ಮೋಟಾರು ವಾಹನಗಳ ಕಾಯಿದೆಯೇ ಈ ನಿಯಮವನ್ನು ಒಳಗೊಂಡಿದ್ದರೂ, ವಿಮೆಯ ಅಧ್ಯಾಯ ಜಾರಿಗೆ ಬಂದದ್ದು ಯುದ್ಧ ಮುಗಿದ ಮೇಲೆ, 1946ರ ಜುಲೈ 1ರಂದು. ಅಂದು ಕೊಳ್ಳೇಗಾಲ ಈ ಕಾಯಿದೆಯೊಳಗಿತ್ತು. ಯಳಂದೂರಿನಲ್ಲಿ ಸಂಸ್ಥಾನದ್ದೇ ಕಾನೂನು.

ಕಾಯಿದೆ ಬಂದರೂ ಹಣ ಬರಬೇಕಾದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕಿತ್ತು. ಕೂಲಿಯವನ ವಿಧವೆಗೆ ಅದು ಎಟುಕುವ ಮಾತಲ್ಲ. ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿದ ಅದೇ 1956ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ಅವಕಾಶ ಮಾಡಿತು. ಕಡಿಮೆ ಖರ್ಚಿನಲ್ಲಿ, ಬೇಗನೆ ತೀರ್ಮಾನವಾಗಬೇಕೆಂಬುದು ಅದರ ಉದ್ದೇಶ.

ಆ ಕಾಲದಲ್ಲಿ ವಿಮಾ ಕಂಪನಿಗಳು ಖಾಸಗಿಯವು. 1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು, 107 ಸಂಸ್ಥೆಗಳು ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಕಂಪನಿಗಳಾದವು. ನಾಲ್ಕಕ್ಕೂ ಒಡೆಯ ಭಾರತ ಸರ್ಕಾರವೇ. ಇನ್ನು ಜಗಳ ನಿಂತಿತೆಂದು ಯಾರಾದರೂ ಭಾವಿಸಿಯಾರು. ನಿಲ್ಲಲಿಲ್ಲ, ಅದು ದಾಯಾದಿ ಕಲಹವಾಯಿತು. ಬಸ್ಸಿನ ಪರವಾಗಿ ರಾಜ್ಯ ರಸ್ತೆ ಸಾರಿಗೆ ನಿಗಮ. ಸರ್ಕಾರಿ ಬಸ್ಸುಗಳು ತಮ್ಮದೇ ನಿಧಿಯನ್ನಿಟ್ಟು ವಿಮೆಯಿಂದ ವಿನಾಯಿತಿ ಪಡೆಯಬಹುದೆಂದು ಕಾಯಿದೆಯೇ ಹೇಳುವುದರಿಂದ, ಅಲ್ಲಿ ನಿಗಮವೇ ವಿಮೆದಾರನಿದ್ದಂತೆ. ಲಾರಿಯ ಪರವಾಗಿ ಕೇಂದ್ರ ಸರ್ಕಾರದ ಕಂಪನಿ. ಎರಡೂ ಕಡೆ ಸಾರ್ವಜನಿಕರ ಹಣ, ನಡುವೆ ಕಾಯುತ್ತ ಕುಳಿತವರೂ ಸಾರ್ವಜನಿಕರೇ. 2000ದ ನಂತರ ಖಾಸಗಿ ಕಂಪನಿಗಳು ಮತ್ತೆ ಬಂದವು. ಕಕ್ಷಿದಾರರ ಸಂಖ್ಯೆ ಹೆಚ್ಚಿತು.

ಜಗಳದ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದು ತಪ್ಪಿನ ಪಾಲು. ಪೊಲೀಸರ ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಚಾರ್ಜ್‌ಶೀಟ್ ಇವುಗಳನ್ನು ಹಿಡಿದು, ಯಾರು ರಸ್ತೆಯ ಯಾವ ಬದಿಯಲ್ಲಿದ್ದರೆಂದು ವಾದ. ಎರಡನೆಯದು ಗಂಟೆಯ ಲೆಕ್ಕ. ‘ನಮ್ಮ ಪಾಲಿಸಿ ನಿನ್ನೆಯ ಮಧ್ಯರಾತ್ರಿಗೆ ಮುಗಿಯಿತು’ ಎನ್ನುತ್ತದೆ ಹಳೆಯ ಕಂಪನಿ. ‘ನಮ್ಮದು ಇಂದು ಮಧ್ಯಾಹ್ನ ಆರಂಭವಾಯಿತು, ಅಪಘಾತ ಬೆಳಿಗ್ಗೆ ಆಯಿತು’ ಎನ್ನುತ್ತದೆ ಹೊಸದು. ಪಾಲಿಸಿಯಲ್ಲಿ ಗಂಟೆ ನಮೂದಾಗದಿದ್ದರೆ ಆ ದಿನದ ಆರಂಭದಿಂದಲೇ ಅದು ಜಾರಿಯೆಂದು ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು. ಗಂಟೆ ನಮೂದಾಗಿದ್ದರೆ ಆ ಗಂಟೆಯಿಂದಲೇ ಎಂದು ಆ ದಶಕದಲ್ಲಿಯೇ ಮತ್ತೆ ಸ್ಪಷ್ಟಪಡಿಸಿತು. ಮೂರನೆಯದು ಕಬ್ಬಿನ ಹೊಲಗಳಿರುವ ನಮ್ಮ ಕಡೆಯವರು ಬಲ್ಲ ಟ್ರ್ಯಾಕ್ಟರ್ ಮತ್ತು ಟ್ರೈಲರ್. ಎರಡಕ್ಕೂ ಬೇರೆ ಬೇರೆ ನೋಂದಣಿ ಸಂಖ್ಯೆ. ಇಂಜಿನ್ನಿಗೆ ಒಂದು ಕಂಪನಿಯ ಪಾಲಿಸಿ, ಟ್ರೈಲರಿಗೆ ಇನ್ನೊಂದರದು ಅಥವಾ ಯಾವುದೂ ಇಲ್ಲ. ಮಗುಚಿದ್ದು ಟ್ರೈಲರು, ಎಳೆದದ್ದು ಇಂಜಿನ್ನು. ಹಣ ಯಾರದು?

ಮೊದಲನೆಯ ಬಗೆಯನ್ನು ಒಂದು ಲೆಕ್ಕದಿಂದ ತಿಳಿಯೋಣ. ಮೇಷ್ಟರ ಅಭ್ಯಾಸ, ಬಿಟ್ಟೀತೆ? ಪರಿಹಾರ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ತಪ್ಪು ಬಸ್ಸಿನದು ನೂರಕ್ಕೆ 60, ಲಾರಿಯದು 40. ಸತ್ತವನು ಬಸ್ಸಿನ ಪ್ರಯಾಣಿಕ. ಅವನ ತಪ್ಪು ಸೊನ್ನೆ. ಬಸ್ಸಿನ ಕಡೆಯವರು 6 ಲಕ್ಷ, ಲಾರಿಯ ಕಡೆಯವರು 4 ಲಕ್ಷ ಕೊಡಬೇಕು. ಲಾರಿಯ ಕಂಪನಿ ತಗಾದೆ ಹೂಡಿ ಕುಳಿತರೆ, ಆ ಸಂಸಾರ 4 ಲಕ್ಷಕ್ಕಾಗಿ ಎಷ್ಟು ಕಾಲ ಕಾಯಬೇಕು? ಲಾರಿಯ ಮಾಲೀಕನನ್ನು ಪ್ರತಿವಾದಿಯಾಗಿ ಸೇರಿಸದಿದ್ದರೆ ಆ 4 ಲಕ್ಷ ಹೋದಂತೆಯೇ? ಇದೇ ಪ್ರಶ್ನೆ ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮ ಕಕ್ಷಿಯಾಗಿದ್ದ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠದ ಮುಂದೆ ಬಂದಿತು. ಇಬ್ಬರ ತಪ್ಪಿನಿಂದ ಮೂರನೆಯವನಿಗೆ ಹಾನಿಯಾದಾಗ, ಅವನು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಹಣವನ್ನು ಪಡೆಯಬಹುದು. ಪಾಲಿನ ಲೆಕ್ಕ ಅವರವರೊಳಗಿನದು ಎಂಬುದು 2004ರಲ್ಲಿ ವರದಿಯಾದ ಆ ತೀರ್ಪಿನ ಸಾರ. 2015ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇದೇ ತತ್ತ್ವವನ್ನು ದೇಶಕ್ಕೆಲ್ಲ ಅನ್ವಯವಾಗುವಂತೆ ಹೇಳಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಸತ್ತವನು ಪ್ರಯಾಣಿಕನಾಗಿರದೆ, ತಾನೇ ಬೈಕು ಓಡಿಸುತ್ತಿದ್ದು, ತಪ್ಪಿನಲ್ಲಿ ಅವನ ಪಾಲು ನೂರಕ್ಕೆ 25 ಇದ್ದರೆ, 10 ಲಕ್ಷದಲ್ಲಿ ಎರಡೂವರೆ ಲಕ್ಷ ಕಡಿತವಾಗುತ್ತದೆ. ಆದ್ದರಿಂದಲೇ ಕಂಪನಿಗಳು ಗಾಯಾಳುವಿನ ತಲೆಗೂ ಒಂದಿಷ್ಟು ತಪ್ಪನ್ನು ಕಟ್ಟಲು ನೋಡುವುದು.

ಗಡಿಯವರಾದ ನಮಗೆ ಇನ್ನೊಂದು ತೊಡಕಿತ್ತು. ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟವನ್ನು ದಾಟಿ ಪಾಲಾರ್ ಮಾರ್ಗವಾಗಿ ಮೆಟ್ಟೂರಿಗೆ ಹೋಗುವವರು, ಯಳಂದೂರಿನಿಂದ ಚಾಮರಾಜನಗರದ ಮೂಲಕ ದಿಂಬಂ ಘಾಟಿಯಿಳಿದು ಸತ್ಯಮಂಗಲಕ್ಕೆ ಹೋಗುವವರು ಬಹಳ. ಅಲ್ಲಿ ಅಪಘಾತವಾದರೆ ಅರ್ಜಿಯನ್ನು ಅಪಘಾತವಾದ ಸ್ಥಳದ ನ್ಯಾಯಮಂಡಳಿಗೇ, ಎಂದರೆ ತಮಿಳುನಾಡಿನಲ್ಲಿಯೇ ಸಲ್ಲಿಸಬೇಕಿತ್ತು. ಭಾಷೆ ಬೇರೆ, ವಕೀಲರು ಬೇರೆ, ಪ್ರತಿ ವಾಯಿದೆಗೂ ಬಸ್ ಚಾರ್ಜು. 1988ರ ಹೊಸ ಕಾಯಿದೆಗೆ 1994ರಲ್ಲಿ ಬಂದ ತಿದ್ದುಪಡಿ, ಅರ್ಜಿದಾರರು ತಾವು ವಾಸಿಸುವ ಸ್ಥಳದ ನ್ಯಾಯಮಂಡಳಿಗೇ ಹೋಗಬಹುದೆಂದಿತು. ನಗರದವರಿಗೆ ಇದು ಸಣ್ಣ ತಿದ್ದುಪಡಿ, ನಮ್ಮವರಿಗೆ ದೊಡ್ಡದು.

ಅದೇ ತಿದ್ದುಪಡಿ ಸರಕಿನ ಲಾರಿಯಲ್ಲಿ ತನ್ನ ಸರಕಿನೊಡನೆ ಪ್ರಯಾಣ ಮಾಡುವ ಒಡೆಯನನ್ನೂ ಕಡ್ಡಾಯ ವಿಮೆಯ ನೆರಳಿಗೆ ತಂದಿತು. ಗೂಡಿನ ಮೂಟೆಗಳ ಜೊತೆಯಲ್ಲೇ ಮಾರುಕಟ್ಟೆಗೆ ಹೋಗುವ ರೇಷ್ಮೆ ಬೆಳೆಗಾರನನ್ನು ನೆನೆಯಿರಿ. ಹಳೆಯ ಕಾಯಿದೆಯಡಿ ಅಂಥವರಿಗೆ ಆ ರಕ್ಷಣೆ ಇಲ್ಲವೆಂದು ಕರ್ನಾಟಕದಿಂದ ಹೋದ ಮೇಲ್ಮನವಿಗಳಲ್ಲಿ ಸುಪ್ರೀಂ ಕೋರ್ಟು 1998ರಲ್ಲಿ ತೀರ್ಪಿತ್ತಿತ್ತು. ಆದರೆ ಜಾತ್ರೆಗೆಂದು ಸರಕಿನ ಲಾರಿ ಹತ್ತಿದ ಭಕ್ತರು ಸರಕಿನ ಒಡೆಯರಲ್ಲ. ಅಂಥವರಿಗೂ ಕಂಪನಿಯೇ ಹೊಣೆ ಎಂಬ 1999ರ ತೀರ್ಪನ್ನು 2002ರ ಡಿಸೆಂಬರಿನಲ್ಲಿ ದೊಡ್ಡ ಪೀಠ ತಳ್ಳಿಹಾಕಿತು. ಈ ಮಾತನ್ನು ಬೆಟ್ಟಕ್ಕೆ ಹೊರಡುವವರು ಇಂದಿಗೂ ಮರೆಯಬಾರದು.

2004ರ ಜನವರಿಯಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ಮೇಲ್ಮನವಿಯಲ್ಲಿ ಇನ್ನೊಂದು ಮುಖ್ಯ ತೀರ್ಪು ಬಂದಿತು. ಚಾಲಕನ ಲೈಸೆನ್ಸಿನಂಥ ತಕರಾರು ಕಂಪನಿಗೂ ಮಾಲೀಕನಿಗೂ ಸಂಬಂಧಿಸಿದ್ದು. ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿ ಆದೇಶಿಸಬಹುದು. ‘ಮೊದಲು ಕೊಡು, ಆಮೇಲೆ ವಸೂಲು ಮಾಡು’ ಎಂಬ ಈ ಸೂತ್ರ ಬಹುಮಂದಿಯ ಒಲೆಯನ್ನು ಉರಿಸಿದೆ.

ಈ ಚರಿತ್ರೆಯಲ್ಲಿ ನನಗೆ ಸೋಜಿಗವೆನಿಸುವ ಸಂಗತಿ ಒಂದಿದೆ. ಎರಡು ಕಾರುಗಳು ಗುದ್ದಿಕೊಂಡು ತಗಡು ಜಖಂ ಆದರೆ, ಯಾರ ತಪ್ಪೆಂದು ಕೇಳದೆ ಪ್ರತಿ ಕಂಪನಿಯೂ ತನ್ನ ಗ್ರಾಹಕನ ಕಾರನ್ನು ತಾನೇ ರಿಪೇರಿ ಮಾಡಿಸಿಕೊಡುವ ‘ನಾಕ್ ಫಾರ್ ನಾಕ್’ ಎಂಬ ಒಪ್ಪಂದವನ್ನು ಇಂಗ್ಲೆಂಡಿನಲ್ಲಿಯೂ ಇಲ್ಲಿಯೂ ಕಂಪನಿಗಳು ತಾವಾಗಿಯೇ ಮಾಡಿಕೊಂಡವು. ವ್ಯಾಜ್ಯದ ಖರ್ಚು ತಗಡಿನ ಬೆಲೆಗಿಂತ ಹೆಚ್ಚೆಂಬುದು ಅವರಿಗೆ ತಿಳಿದಿತ್ತು. ತಗಡಿನ ವಿಷಯದಲ್ಲಿ ತಾವಾಗಿಯೇ ಬಂದ ಈ ವಿವೇಕ ಮನುಷ್ಯನ ವಿಷಯದಲ್ಲಿ ಬರಲು ನ್ಯಾಯಾಲಯಗಳು ಕಿವಿ ಹಿಂಡಬೇಕಾಯಿತು. ಕಂಪನಿಗಳ ಪಕ್ಷವನ್ನೂ ಹೇಳಬೇಕು: ಅವು ಕಾಯುವುದು ಪ್ರೀಮಿಯಂ ಕಟ್ಟಿದ ಎಲ್ಲರ ಹಣವನ್ನು, ಸುಳ್ಳು ಅರ್ಜಿಗಳೂ ಬರುತ್ತವೆ. ತಮ್ಮೊಳಗೆ ಅವರು ವಾದಿಸಲಿ. ಆ ವಾದ ಮುಗಿಯುವವರೆಗೆ ವಿಧವೆಯನ್ನು ನಿಲ್ಲಿಸಿಕೊಳ್ಳುವುದು ಮಾತ್ರ ನ್ಯಾಯವಲ್ಲ.

ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಕೊನೆಯದಾಗಿ ನಾಲ್ಕು ಮಾತು. ಎರಡು ವಾಹನಗಳ ಅಪಘಾತವಾದರೆ ಇಬ್ಬರು ಮಾಲೀಕರನ್ನೂ ಇಬ್ಬರು ವಿಮೆದಾರರನ್ನೂ ಅರ್ಜಿಯಲ್ಲಿ ಸೇರಿಸಿರಿ. ಎರಡೂ ಪಾಲಿಸಿಗಳ ಸಂಖ್ಯೆ, ದಿನ, ಗಂಟೆಗಳನ್ನು ಬರೆದಿಟ್ಟುಕೊಳ್ಳಿರಿ. ಟ್ರೈಲರಿಗೂ ವಿಮೆ ಮಾಡಿಸಿರಿ. 2019ರ ತಿದ್ದುಪಡಿಯ ಫಲವಾಗಿ 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಮರಳಿ ಬಂದಿದೆ. ಅದರ ಬಗ್ಗೆ ವಿವಾದವಿದ್ದರೂ ದುಃಖದಲ್ಲಿ ದಿನ ಕಳೆಯದೆ, ಹದಿಮೂರನೆಯ ದಿನದ ಕಾರ್ಯ ಮುಗಿದೊಡನೆ ಒಬ್ಬ ವಕೀಲರನ್ನು ಕಾಣಿರಿ. ಅಂಥ ಸಂದರ್ಭ ನಿಮಗಾರಿಗೂ ಬಾರದಿರಲಿ.