ಬೆಂಗಳೂರು ಕೋಟೆಗೆ ಲಗ್ಗೆ

ಕೃಷ್ಣರಾಜ ಮಾರುಕಟ್ಟೆಯ ಬಳಿಯ ಕಲ್ಲುಕೋಟೆಯನ್ನು ನೀವು ಬಸ್ಸಿನಿಂದಲಾದರೂ ನೋಡಿರುತ್ತೀರಿ. ಬ್ರಿಟಿಷ್ ಸೈನ್ಯ 1791ರ ಮಾರ್ಚ್ 21ರಂದು ಗೋಡೆಯೊಡೆದು ನುಗ್ಗಿದ ಜಾಗ ಇದೇ ಎಂದು ಅಲ್ಲೊಂದು ಫಲಕ ಸಾರುತ್ತದೆ.

ಮೈಸೂರಿನ ಭವಿಷ್ಯವನ್ನು ನಿರ್ಧರಿಸಿದ ಯುದ್ಧ ಯಾವುದು? 1799ರ ಶ್ರೀರಂಗಪಟ್ಟಣ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕವೇನೋ ಸಿಗುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ತಕ್ಕಡಿ ವಾಲಿದ್ದು ಬೆಂಗಳೂರಿನಲ್ಲಿ. ಕಾರ್ನ್‌ವಾಲಿಸ್ ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಬಂದು ಮಾರ್ಚ್ 7ರಂದು ಪೇಟೆಯನ್ನು ಹಿಡಿದ. ಎರಡು ವಾರಗಳ ಬಳಿಕ, ಬೆಳದಿಂಗಳ ರಾತ್ರಿಯಲ್ಲಿ, ಕೋಟೆಗೆ ಲಗ್ಗೆಯಿಟ್ಟ. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಮಡಿದ.

ಮುಂದಿನದನ್ನು ಗಮನಿಸಿ. ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದವರೆಗೂ ಹೋದ. ಆದರೆ ಸೈನಿಕರಿಗೆ ಧಾನ್ಯವಿಲ್ಲ, ಎಳೆಯುವ ಎತ್ತುಗಳು ಸತ್ತವು. ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. (ಯುದ್ಧದ ಕಥೆಗಳಲ್ಲಿ ಎತ್ತುಗಳಿಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ!) ಹಿಂದಿರುಗಲು ಬೆಂಗಳೂರು ಅವನ ಕೈಯಲ್ಲಿತ್ತು. ಅಲ್ಲಿಯೇ ಸಿದ್ಧನಾಗಿ 1792ರಲ್ಲಿ ಮತ್ತೆ ಬಂದ. ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಇಬ್ಬರು ಮಕ್ಕಳು ಒತ್ತೆಯಾಳುಗಳಾದರು. ಅರ್ಧ ಆದಾಯ ಕಳೆದುಕೊಂಡ ರಾಜ್ಯದ ರಾಜಧಾನಿ 1799ರಲ್ಲಿ ಒಂದೇ ತಿಂಗಳ ಮುತ್ತಿಗೆಗೆ ಬಿದ್ದುದರಲ್ಲಿ ಅಚ್ಚರಿಯಿಲ್ಲ.

ಗೆದ್ದವರ ಸೈನ್ಯ ಶ್ರೀರಂಗಪಟ್ಟಣದಿಂದ 1809ರಲ್ಲಿ ಹಲಸೂರಿನ ಬಳಿಗೆ ಬಂದಿತು, ದಂಡುಪ್ರದೇಶ ಹುಟ್ಟಿತು. ಮೈಸೂರು ಸೀಮೆಯ ಆಂಗ್ಲೋ-ಇಂಡಿಯನ್ನರಿಗಾಗಿ ಡಿ. ಎಸ್. ವೈಟ್ 1882ರಲ್ಲಿ ಒಂದು ಬೇಸಾಯದ ವಸಾಹತನ್ನು ಯೋಜಿಸಿದಾಗ, ಮಹಾರಾಜ ಚಾಮರಾಜ ಒಡೆಯರು ಭೂಮಿ ನೀಡಿದರು. ಇಂದು ಕಂಪ್ಯೂಟರ್ ಕಂಪನಿಗಳಿಂದ ತುಂಬಿರುವ ವೈಟ್‌ಫೀಲ್ಡ್ ಅದೇ.